ಇಪ್ಪತ್ತೇಳು ಮಳೆ, ಇಪ್ಪತ್ತೇಳು ಚಿತ್ರ

ಕನ್ನಡ ಕಾದಂಬರಿಗಳನ್ನು ಓದುವ ಮನೆಗಳಲ್ಲಿ ಸಮೇತನಹಳ್ಳಿಯ ಹೆಸರು ಊರಿಗಿಂತ ಮುಂಚೆ ಪುಸ್ತಕದಿಂದ ಪರಿಚಿತವಾದುದು. ಹೊಯ್ಸಳ ರಾಣಿ ಶಾಂತಲೆಯ ಬಿರುದನ್ನೇ ಹೆಸರಾಗಿ ಹೊತ್ತ ‘ಸವತಿಗಂಧವಾರಣೆ’ಯ ಕರ್ತೃ ಸಮೇತನಹಳ್ಳಿ ರಾಮರಾಯರ ಹೆಸರಿನ ಮುಂದೆ ನಿಂತು ಈ ಸಣ್ಣ ಊರು ಗ್ರಂಥಾಲಯದ ಕಪಾಟುಗಳನ್ನೇರಿತು. ಪುಸ್ತಕವನ್ನು ಓದಿ ಮುಗಿಸಿದವರಲ್ಲಿ ಊರನ್ನು ಹುಡುಕಿಕೊಂಡು ಹೋದವರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಸಂಕೋಚದ್ದಾಗುತ್ತದೆ. ಶ್ರವಣಬೆಳಗೊಳಕ್ಕೆ ಹೋಗಿ ಶಾಂತಲೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯನ್ನು ನೋಡಿ ಬಂದವರು ಉಂಟು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಸಮೇತನಹಳ್ಳಿಯನ್ನು ನೋಡಿದವರು ವಿರಳ.

ಊರು ಇರುವುದು ಹೊಸಕೋಟೆ ತಾಲ್ಲೂಕಿನಲ್ಲಿ. ಬೆಂಗಳೂರಿನಿಂದ ಪೂರ್ವಕ್ಕೆ ಹೊರಟು, ವೈಟ್‌ಫೀಲ್ಡನ್ನೂ ಕಾಡುಗೋಡಿಯನ್ನೂ ಹಿಂದಿಕ್ಕಿ, ಹೊಸಕೋಟೆಯ ದಿಕ್ಕಿಗೆ ಇನ್ನು ಕೆಲವೇ ಮೈಲಿ ಸಾಗಿದರೆ ಸಿಕ್ಕುವ ಸೀಮೆ ಇದು. ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟಿ ಹೊಸಕೋಟೆಯ ದೊಡ್ಡ ಕೆರೆಯನ್ನು ತುಂಬಿ ದಕ್ಷಿಣಕ್ಕೆ ಇಳಿಯುವ ದಕ್ಷಿಣ ಪಿನಾಕಿನಿಯ ಬಯಲು. ಕೆಂಪು ಮಣ್ಣು, ಅಲ್ಲಲ್ಲಿ ಕಲ್ಲುಬಂಡೆ, ರಾಗಿಯ ಹೊಲ, ಹಿಪ್ಪುನೇರಳೆಯ ಕಡ್ಡಿ, ದ್ರಾಕ್ಷಿಯ ಚಪ್ಪರ, ನೀಲಗಿರಿಯ ತೋಪು. ಕಣ್ಣಿಗೆ ರಾಚುವ ಸೌಂದರ್ಯ ಇಲ್ಲಿಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜೋಗದ ಧುಮುಕು, ಹಂಪೆಯ ಬಂಡೆ, ಕೊಡಗಿನ ಮಂಜು ಇವನ್ನು ಬಯಸುವ ಕ್ಯಾಮೆರಾ ಇಲ್ಲಿಗೆ ಬಂದರೆ ಮೊದಲ ದಿನ ಬರಿಗೈಯಲ್ಲಿ ಹಿಂದಿರುಗುವುದೇ ಹೆಚ್ಚು. ಹಾಗಿದ್ದರೂ ಮುಂದಿನ ವರ್ಷವೊಂದರ ಬೆಳಕುಚಿತ್ರಗಳ ಯೋಜನೆಗೆ ರಾಜಧಾನಿಯ ಸುತ್ತಿನಲ್ಲಿ ಇಂಥ ಊರಿಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ.

ಪ್ರತಿ ವರ್ಷ ಜನವರಿಯ ಮೊದಲ ವಾರದಲ್ಲಿ ಕ್ಯಾಮೆರಾ ಉಳ್ಳವರೆಲ್ಲರೂ ಸಂಕಲ್ಪ ಮಾಡುತ್ತಾರೆ. ಈಗ ಕೈಯಲ್ಲಿರುವ ದೂರವಾಣಿಯೇ ಕ್ಯಾಮೆರಾ ಆಗಿರುವುದರಿಂದ ಈ ಸಂಕಲ್ಪವಂತರ ಸಂಖ್ಯೆಗೆ ಮಿತಿಯಿಲ್ಲ. ದಿನಕ್ಕೊಂದು ಚಿತ್ರ ತೆಗೆಯುತ್ತೇನೆ, ಈ ವರ್ಷ ಹೊಸ ಲೆನ್ಸು ಕೊಳ್ಳುತ್ತೇನೆ, ಹುಲಿಯನ್ನು ಹಿಡಿಯುತ್ತೇನೆ, ಪ್ರದರ್ಶನಕ್ಕೆ ನಾಲ್ಕು ಚಿತ್ರ ಕಳುಹಿಸುತ್ತೇನೆ ಎಂಬವು ಸಾಮಾನ್ಯ ಸಂಕಲ್ಪಗಳು. ದಿನಕ್ಕೊಂದು ಚಿತ್ರದ ವ್ರತ ಶಿವರಾತ್ರಿಯವರೆಗೆ ನಡೆದರೆ ದೊಡ್ಡದು. ಆ ತರುವಾಯ ಕಾಫಿಯ ಲೋಟ, ಕಿಟಕಿಯ ಬೆಕ್ಕು, ಮಳೆಯಲ್ಲಿ ನೆನೆದ ಚಪ್ಪಲಿ ಎಂದು ಲೆಕ್ಕ ಭರ್ತಿಯಾಗುತ್ತದೆ. ಯುಗಾದಿಯ ಹೊತ್ತಿಗೆ ಅದೂ ನಿಂತುಹೋಗುತ್ತದೆ. ತಪ್ಪು ಉತ್ಸಾಹದ್ದಲ್ಲ, ಲೆಕ್ಕದ್ದು. ಮುನ್ನೂರ ಅರವತ್ತೈದು ಎಂಬುದು ಪಂಚಾಂಗದ ಸಂಖ್ಯೆಯೇ ಹೊರತು ನೋಟದ ಸಂಖ್ಯೆಯಲ್ಲ.

ಹಿಂದೆ ಮಧ್ಯಮ ವರ್ಗದ ಮನೆಗಳಲ್ಲಿ ಬಡೋದೆಯಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ಕ್ಯಾಮೆರಾ ಇರುತ್ತಿತ್ತು. 120 ಎಂಬ ಅಳತೆಯ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಮಗುವಿನ ನಾಮಕರಣಕ್ಕೆ ನಾಲ್ಕು, ತಿರುಪತಿಗೆ ಆರು, ಉಳಿದೆರಡು ಯಾರಾದರೂ ನೆಂಟರು ಬಂದಾಗ. ಹನ್ನೆರಡರ ಆ ಬಡತನದಲ್ಲಿ ಒಂದು ವಿವೇಕವಿತ್ತು: ಗುಂಡಿ ಒತ್ತುವ ಮುನ್ನ ಮನೆಮಂದಿಯೆಲ್ಲ ಒಮ್ಮೆ ಯೋಚಿಸುತ್ತಿದ್ದರು. ಇಂದು ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಸಾವಿರ ಚಿತ್ರ ತೆಗೆದವನಿಗೆ, ಅಜ್ಜ ಎಲೆಯ ಮುಂದೆ ಕುಳಿತ ಚಿತ್ರ ಯಾವುದೆಂದು ಕೇಳಿದರೆ ಹುಡುಕಿ ಕೊಡಲು ಆಗುವುದಿಲ್ಲ.

ಕನ್ನಡನಾಡಿನಲ್ಲಿ ಈ ಕಲೆಯ ಪರಂಪರೆ ಚಿಕ್ಕದೇನಲ್ಲ. 1854ರ ಡಿಸೆಂಬರಿನಲ್ಲಿ ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಹಳೇಬೀಡು, ಬೇಲೂರುಗಳ ಶಿಲ್ಪವನ್ನು ಕಾಗದದ ನೆಗೆಟಿವ್‌ಗಳ ಮೇಲೆ ಮೂಡಿಸಿಕೊಂಡಿದ್ದ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಹಣಕ್ಕೆ ದೇಶದಲ್ಲೇ ಗೌರವ ತಂದುಕೊಟ್ಟರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಯುದ್ಧ, ಚುನಾವಣೆ, ಗಣ್ಯರ ಭೇಟಿ ಇವೆಲ್ಲವನ್ನೂ ತೆಗೆದ ಸತ್ಯನ್ನರ ಚಿತ್ರಗಳಲ್ಲಿ ಜನ ಮರೆಯದೆ ಉಳಿಸಿಕೊಂಡಿರುವುದು ಮಕ್ಕಳನ್ನು, ಬೀದಿಯ ಸಾಮಾನ್ಯರನ್ನು, ದಿನದ ಕೆಲಸದಲ್ಲಿ ಮಗ್ನರಾದ ಹೆಂಗಸರನ್ನು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಹಾಗೂ ಇ. ಹನುಮಂತರಾವ್ ವನ್ಯಜೀವಿಗಳ ಚಿತ್ರದಲ್ಲಿ ಹೆಸರಾದವರು. ಹಕ್ಕಿಯ ಗೂಡಿನೆದುರು ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಅಲುಗಾಡದೆ ಕೂಡುವ ವಿದ್ಯೆಯನ್ನು ಪೆರುಮಾಳ್ ಅವರು ತಮ್ಮ ಗುರು ಓ. ಸಿ. ಎಡ್ವರ್ಡ್ಸ್ ಅವರಿಂದ ಕಲಿತರು. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಬೆಂಗಳೂರಿನ ಹವ್ಯಾಸಿಗಳಿಗೆ ಶಾಲೆಯಾದವು. ಇವರೆಲ್ಲರ ದಾರಿಗಳು ಬೇರೆಬೇರೆ. ಒಂದು ಮಾತು ಮಾತ್ರ ಎಲ್ಲರಿಗೂ ಸಾಮಾನ್ಯ. ಇವರು ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಹೋದರು.

ಪ್ಯಾರಿಸ್ ನಗರದಲ್ಲಿ ಯೂಜೀನ್ ಅಟ್ಜೆ (1857–1927) ಎಂಬಾತ ಮರದ ದೊಡ್ಡ ಕ್ಯಾಮೆರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತು ಹಳೆಯ ಬೀದಿಗಳಲ್ಲಿ ಮುಂಜಾನೆ ಅಲೆಯುತ್ತಿದ್ದ. ಕೆಡವಲಿರುವ ಮನೆಗಳು, ಅಂಗಡಿಯ ಮುಂಗಟ್ಟುಗಳು, ಚಿಂದಿ ಆಯುವವರ ಗುಡಿಸಲುಗಳು ಅವನ ವಸ್ತು. ತನ್ನ ಕೆಲಸವನ್ನು ಕಲೆ ಎಂದು ಆತ ಕರೆದುಕೊಳ್ಳಲಿಲ್ಲ. ಚಿತ್ರಕಾರರಿಗೂ ಗ್ರಂಥಾಲಯಗಳಿಗೂ ‘ದಾಖಲೆ’ ಎಂದು ಮಾರಿದ. ಆ ಬೀದಿಗಳಲ್ಲಿ ಎಷ್ಟೋ ಇಂದು ಅವನ ಫಲಕಗಳಲ್ಲಿ ಮಾತ್ರ ಇವೆ. ಸಮೇತನಹಳ್ಳಿಯ ಮಾತಿಗೆ ಅಟ್ಜೆಯನ್ನು ಎಳೆತರುವುದು ಅತಿಯೆಂದು ತೋರಬಹುದು. ಆದರೆ ಊರಿನ ಪಶ್ಚಿಮ ದಿಗಂತದತ್ತ ಒಮ್ಮೆ ನೋಡಿದರೆ ಅತಿಯೆನಿಸುವುದಿಲ್ಲ.

ಪಶ್ಚಿಮಕ್ಕೆ ವೈಟ್‌ಫೀಲ್ಡ್. 1882ರಲ್ಲಿ ಡಿ. ಎಸ್. ವೈಟ್ ಅವರ ಸಂಘ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ, ಮಹಾರಾಜ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ, ಬೇಸಾಯದ ವಸಾಹತೊಂದನ್ನು ಕಟ್ಟಿತು. ನೂರು ವರ್ಷಗಳಿಗೂ ಹೆಚ್ಚು ಕಾಲ ಹೆಂಚಿನ ಮನೆ, ಹಣ್ಣಿನ ತೋಟ, ನಿವೃತ್ತರ ನಿದ್ದೆ ಇಷ್ಟೇ ಅದರ ಚರಿತ್ರೆ. 1990ರ ದಶಕದ ಕೊನೆಯಲ್ಲಿ ಗಣಕಯಂತ್ರದ ಉದ್ಯಮಗಳು ಬಂದವು. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲು ಕಾಡುಗೋಡಿಯನ್ನು ಮುಟ್ಟಿತು. ನಗರ ಅಲ್ಲಿಗೇ ನಿಲ್ಲುವುದೆಂದು ನಂಬಿದವರು ಯಾರೂ ಇಲ್ಲ. ಹೊಸಕೋಟೆಯ ರಸ್ತೆಯುದ್ದಕ್ಕೂ ಗೋಡೆ ಕಟ್ಟಿದ ಬಡಾವಣೆಗಳು, ಗೇಟಿನಲ್ಲಿ ಸಮವಸ್ತ್ರದ ಕಾವಲುಗಾರ, ಒಳಗೆ ಒಂದೇ ಅಚ್ಚಿನ ಮನೆಗಳು. ಹೊಲದ ನಡುವೆ ಸುಣ್ಣ ಬಳಿದ ಸಾಲು ಸಾಲು ಸೈಟುಕಲ್ಲು. ಸೈಟು ಮಾರಾಟವಾಗುವವರೆಗೆ ಆ ಕಲ್ಲುಗಳ ನಡುವೆಯೇ ರಾಗಿ ಬೆಳೆಯುವವರೂ ಉಂಟು. ಪೈರು ಎದ್ದು ಕಲ್ಲುಗಳನ್ನು ಮುಚ್ಚಿಬಿಡುತ್ತದೆ. ಕುಯ್ಲಾದ ಮೇಲೆ ಕಲ್ಲು ಮತ್ತೆ ತಲೆಯೆತ್ತುತ್ತದೆ. ಇಂಥ ಹೊಲವೊಂದರ ಮುಂದೆ ನಿಂತು ನೋಡುವವನಿಗೆ ಯೋಜನೆ ಎಂಬ ಪದದ ಅರ್ಥವೇ ಬೇರೆಯಾಗಿ ಹೊಳೆಯುತ್ತದೆ. ‘ಮುಂದಿನ ವರ್ಷ ತೆಗೆದರಾಯಿತು’ ಎಂಬ ಸೌಕರ್ಯ ಈ ಊರಿನಲ್ಲಿಲ್ಲ.

ಹಾಗಾದರೆ ಯೋಜನೆ ಹೇಗಿರಬೇಕು? ಅದಕ್ಕೆ ಬೇಕಾದ ಪಟ್ಟಿಯನ್ನು ಈ ಸೀಮೆಯ ರೈತರು ಎಂದೋ ಮಾಡಿಟ್ಟಿದ್ದಾರೆ. ಜನವರಿ, ಫೆಬ್ರವರಿ ಎಂಬ ತಿಂಗಳುಗಳು ಸಂಬಳದವರಿಗೆ. ಹೊಲದ ಲೆಕ್ಕ ನಡೆಯುವುದು ಮಳೆ ನಕ್ಷತ್ರಗಳಿಂದ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳನ್ನು ದಾಟಲು ಒಂದು ವರ್ಷ ಹಿಡಿಯುವುದರಿಂದ ಪ್ರತಿಯೊಂದಕ್ಕೂ ಹದಿಮೂರು ಹದಿನಾಲ್ಕು ದಿನ ಬರುತ್ತದೆ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಹುಟ್ಟುತ್ತದೆ; ಅಲ್ಲಿಂದ ಭರಣಿ, ಕೃತ್ತಿಕೆ, ರೋಹಿಣಿ ಎಂದು ಸಾಗಿ ನವೆಂಬರಿನ ವಿಶಾಖೆಯವರೆಗೆ ಮಳೆಯ ನಕ್ಷತ್ರಗಳು. ಆಮೇಲಿನವು ಮಳೆಯಿಲ್ಲದಿದ್ದರೂ ಪಂಚಾಂಗದ ಸಾಲಿನಲ್ಲಿ ಇರುವಂಥವು. ಒಂದೊಂದು ನಕ್ಷತ್ರಕ್ಕೆ ಒಂದೊಂದು ಭೇಟಿ, ಒಂದೊಂದು ಭೇಟಿಗೆ ಒಂದೇ ಒಂದು ಉಳಿಸಿಕೊಳ್ಳುವ ಚಿತ್ರ. ವರ್ಷದ ಕೊನೆಗೆ ಇಪ್ಪತ್ತೇಳು. ಹದಿನೈದು ದಿನಕ್ಕೊಮ್ಮೆ ಭಾನುವಾರದ ಬೆಳಗ್ಗೆ ಮನೆಯಿಂದ ಹೊರಡುವುದು ಗೃಹಸ್ಥನಿಗೂ ಅಸಾಧ್ಯವಲ್ಲ, ಗೃಹಿಣಿಯ ಕೋಪಕ್ಕೂ ಕಾರಣವಾಗದು. ಮಕ್ಕಳನ್ನು ಜೊತೆಗೆ ಕರೆದೊಯ್ದರೆ ರಾಗಿ ಮರದಲ್ಲಿ ಬಿಡುವುದಿಲ್ಲವೆಂಬುದಾದರೂ ಅವರಿಗೆ ತಿಳಿದೀತು.

ಮೊದಲನೆಯ ಅಶ್ವಿನಿಯಲ್ಲೇ ಒಂದು ಕೌತುಕವಿದೆ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ; ಆದ್ದರಿಂದ ವರ್ಷದಲ್ಲಿ ಎರಡು ದಿನ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಏಪ್ರಿಲ್ 24ರ ಸುಮಾರು ಒಮ್ಮೆ, ಆಗಸ್ಟ್ 18ರ ಸುಮಾರು ಇನ್ನೊಮ್ಮೆ. ಏಪ್ರಿಲಿನ ಆ ದಿನ ಮಧ್ಯಾಹ್ನ ಹನ್ನೆರಡೂ ಕಾಲರ ವೇಳೆಗೆ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಚಿತ್ರ ತೆಗೆಯಬಾರದೆಂಬುದು ಎಲ್ಲ ಕೈಪಿಡಿಗಳ ಮೊದಲ ಪಾಠ. ಸೈಟುಕಲ್ಲುಗಳ ಸಾಲು ತನ್ನ ನೆರಳನ್ನೆಲ್ಲ ನುಂಗಿಕೊಂಡು ಬೋಳು ಹೊಲದಲ್ಲಿ ನಿಂತಿರುವುದನ್ನು ನೋಡಬೇಕಾದರೆ ಆ ಪಾಠವನ್ನು ಒಂದು ದಿನದ ಮಟ್ಟಿಗೆ ಮೀರಬೇಕು. ಆಗಸ್ಟಿನ ಇನ್ನೊಂದು ದಿನ ಮಖಾ ಮಳೆಯ ಮೋಡದಲ್ಲಿ ಕಳೆದುಹೋಗುವ ಸಂಭವವೇ ಹೆಚ್ಚು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಎಲ್ಲರಿಗೂ ಬಾಯಿಪಾಠ. ಈ ಹೊತ್ತಿಗೆ ಬೀಳುವ ಗುಡುಗುಮಳೆಯ ಮೊದಲು ಪೂರ್ವದ ಮೋಡ ಕಪ್ಪಾಗಿ, ಪಶ್ಚಿಮದ ಇಳಿಬಿಸಿಲು ಕೆಂಪು ಮಣ್ಣಿನ ಮೇಲೆ ಓರೆಯಾಗಿ ಬೀಳುವ ಹತ್ತು ನಿಮಿಷಗಳಿಗಾಗಿ ಕಾಯಬಹುದು. ಕೃತ್ತಿಕೆ, ರೋಹಿಣಿಗಳಲ್ಲಿ ಉಳುಮೆ. ಎತ್ತಿನ ನೇಗಿಲು ಈಗ ಅಪರೂಪ. ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳು ಹಿಂಡಾಗಿ ಇಳಿದು ಹುಳು ಹೆಕ್ಕುವ ದೃಶ್ಯ ಅದಕ್ಕಿಂತ ಕೀಳಲ್ಲ. ಎತ್ತುಗಳೇ ಬೇಕೆಂದು ಹಟ ಹಿಡಿದು, ಯಾರನ್ನೋ ಕೇಳಿ, ಹಣ ಕೊಟ್ಟು, ನೇಗಿಲು ಹೂಡಿಸಿ ಚಿತ್ರ ತೆಗೆಯುವವರು ಉಂಟು. ಅದು ನಾಟಕ. ನಾಟಕಕ್ಕೆ ರಂಗಮಂದಿರವಿದೆ.

ಈ ಸೀಮೆಯ ಮಳೆಯಾಶ್ರಿತ ರಾಗಿಯ ಬಿತ್ತನೆ ಹೆಚ್ಚಾಗಿ ಜುಲೈ ತಿಂಗಳಲ್ಲಿ, ಎಂದರೆ ಪುನರ್ವಸು, ಪುಷ್ಯ ಮಳೆಗಳಲ್ಲಿ. ರಾಗಿಯ ಸಾಲುಗಳ ನಡುನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲು. ಅಕ್ಕಡಿ ಎಂಬುದು ಒಂದು ದೊಡ್ಡ ವಿವೇಕ: ಮಳೆ ಕೈಕೊಟ್ಟು ಒಂದು ಬೆಳೆ ಹೋದರೂ ಇನ್ನೊಂದು ಉಳಿಯುತ್ತದೆ, ಮನೆಗೆ ಹಿಟ್ಟೂ ಬೇಳೆಯೂ ಎಣ್ಣೆಯೂ ಒಂದೇ ಹೊಲದಿಂದ ಬರುತ್ತವೆ. ಕಣ್ಣಿಗೆ ಅದರ ಫಲ ಕಾಣಿಸುವುದು ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ. ಸೆಪ್ಟೆಂಬರಿನ ಭಾರಿ ಮಳೆ ಕಳೆದು ಆಕಾಶ ತೊಳೆದಂತಾಗಿರುವಾಗ, ತೆನೆ ಕಟ್ಟುತ್ತಿರುವ ಹಸುರು ರಾಗಿಯ ನಡುವೆ ಹುಚ್ಚೆಳ್ಳಿನ ಹಳದಿ ಹೂವು ಗೆರೆ ಎಳೆದಂತೆ ಅರಳುತ್ತದೆ. ವರ್ಷದಲ್ಲಿ ಈ ಊರು ಬಣ್ಣದ ಚಿತ್ರಕ್ಕೆ ತಾನಾಗಿ ಒಪ್ಪುವ ದಿನಗಳು ಇವೇ. ನೆಲಮಟ್ಟಕ್ಕೆ ಕುಳಿತು ಬೆಳಗಿನ ಏಳು ಗಂಟೆಯ ಬೆಳಕಿಗೆ ಎದುರಾಗಿ ತೆಗೆದರೆ ತೆನೆಯ ಮೇಲಿನ ಹನಿಗಳೂ ಹೊಳೆಯುತ್ತವೆ. ಅಕ್ಕಡಿ ಬಿಟ್ಟು ಬರಿಯ ರಾಗಿ ಬಿತ್ತುವ ಹೊಲಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದರಿಂದ ಈ ಒಂದು ಚಿತ್ರವನ್ನು ಪಟ್ಟಿಯ ತಲೆಯಲ್ಲಿ ಬರೆದಿಟ್ಟುಕೊಳ್ಳುವುದು ಉಚಿತ.

ಬೆಳಕಿನ ದಿಕ್ಕಿನ ಬಗೆಗೆ ಒಂದು ಮಾತು. ಜೂನ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವಕ್ಕಲ್ಲ, ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು. ಡಿಸೆಂಬರಿನಲ್ಲಿ ಅಷ್ಟೇ ದೂರ ದಕ್ಷಿಣಕ್ಕೆ. ಊರಿನ ಒಂದು ಓಣಿಯಲ್ಲಿ ಜೂನಿನ ಬೆಳಗಿನ ಬಿಸಿಲು ಬೀಳುವ ಜಗಲಿ ಡಿಸೆಂಬರಿನಲ್ಲಿ ನೆರಳಾಗಿರುತ್ತದೆ, ಎದುರುಮನೆಯ ಜಗಲಿಗೆ ಬಿಸಿಲು ಬಂದಿರುತ್ತದೆ. ಬಿಸಿಲು ಕಾಯಿಸಿಕೊಳ್ಳುವ ಮುದುಕರು ಜಗಲಿ ಬದಲಾಯಿಸುತ್ತಾರೆ. ಒಂದೇ ಸಲ ಬಂದು ಹೋಗುವ ಪ್ರವಾಸಿಗೆ ಇದು ತಿಳಿಯುವ ಬಗೆಯಿಲ್ಲ. ನಾಲ್ಕೈದು ನಕ್ಷತ್ರ ಸುತ್ತಿದವನಿಗೆ ಯಾವ ದಿನ ಯಾವ ಜಗಲಿಯ ಮೇಲೆ ಎಷ್ಟು ಹೊತ್ತಿಗೆ ಯಾರ ಮುಖ ಬೆಳಗುತ್ತದೆಂಬುದು ಗಡಿಯಾರದಷ್ಟು ಖಚಿತವಾಗಿ ತಿಳಿಯುತ್ತದೆ. ಹೊಸ ಲೆನ್ಸು ಕೊಡಲಾರದ ವಿದ್ಯೆ ಇದು.

ಅನೂರಾಧಾ, ಜ್ಯೇಷ್ಠಾ ನಕ್ಷತ್ರಗಳಲ್ಲಿ, ನವೆಂಬರಿನ ಕೊನೆ ಮತ್ತು ಡಿಸೆಂಬರಿನಲ್ಲಿ, ರಾಗಿಯ ಕುಯ್ಲು. ಕುಯ್ದ ಪೈರನ್ನು ಅರಿಯಾಗಿ ಹಾಕಿ ಒಣಗಿಸಿ, ಹೊರೆ ಕಟ್ಟಿ, ಮೆದೆ ಒಟ್ಟುತ್ತಾರೆ. ಮೆದೆಯ ಆಕಾರಕ್ಕೆ ಮರುಳಾಗದ ಕಣ್ಣಿಲ್ಲ. ಫ್ರಾನ್ಸಿನ ಮೋನೇ 1890–91ರಲ್ಲಿ ತನ್ನ ಮನೆಯ ಹತ್ತಿರದ ಹೊಲದ ಬಣವೆಗಳನ್ನು ಬೆಳಗ್ಗೆ, ಸಂಜೆ, ಹಿಮ, ಬಿಸಿಲು ಎಂದು ಇಪ್ಪತ್ತಕ್ಕೂ ಹೆಚ್ಚು ಬಾರಿ ಬರೆದ. ಬಣವೆ ಅದೇ, ಬೆಳಕು ಬೇರೆ. ಡಿಸೆಂಬರಿನ ಮಂಜು ಈ ಬಯಲಿಗೂ ಬರುತ್ತದೆ. ಬೆಳಗಿನ ಏಳರ ಹೊತ್ತಿಗೆ ಮೆದೆಗಳು ಮಂಜಿನಲ್ಲಿ ತೇಲುವ ದೋಣಿಗಳಂತೆ ಕಾಣುತ್ತವೆ, ಎಂಟಕ್ಕೆ ಮತ್ತೆ ನೆಲಕ್ಕಿಳಿಯುತ್ತವೆ. ಹಿಂದೆ ಮೆದೆಯಿಂದ ಕಣಕ್ಕೆ, ಕಣದಲ್ಲಿ ರೋಣಗಲ್ಲಿನ ಒಕ್ಕಣೆ. ಈಗ ಎಷ್ಟೋ ಊರುಗಳಲ್ಲಿ ಕಣವಿದ್ದ ಜಾಗದಲ್ಲಿ ಮನೆಯೋ ಅಂಗಡಿಯೋ ಎದ್ದಿದೆ. ಆದ್ದರಿಂದ ರಾಗಿಯ ಹೊರೆಯನ್ನು ಡಾಂಬರು ರಸ್ತೆಗೇ ತಂದು ಹರಡುತ್ತಾರೆ; ಹೋಗಿಬರುವ ಲಾರಿ, ಬಸ್ಸು, ಕಾರುಗಳ ಚಕ್ರವೇ ರೋಣಗಲ್ಲು. ರಸ್ತೆಯಲ್ಲಿ ಒಕ್ಕಣೆ ಮಾಡಬಾರದೆಂದು ಪೊಲೀಸರು ಎಚ್ಚರಿಸುವುದುಂಟು, ದ್ವಿಚಕ್ರದವರು ಜಾರಿ ಬೀಳುವುದೂ ಉಂಟು. ಅವರ ಮಾತು ಸುಳ್ಳಲ್ಲ. ಆದರೂ ಬಡಾವಣೆಯ ಗೇಟಿನಿಂದ ಹೊರಟ ಹೊಳೆಯುವ ಕಾರೊಂದು ಹೊಲವಿಲ್ಲದ ರಸ್ತೆಯಲ್ಲಿ ರಾಗಿ ತುಳಿಯುತ್ತ ಸಾಗುವುದನ್ನೂ, ಬದಿಯಲ್ಲಿ ಮೊರ ಹಿಡಿದ ಹೆಂಗಸು ಕಾರು ಹೋಗಲೆಂದು ಕಾದು ನಿಂತಿರುವುದನ್ನೂ ಒಂದೇ ಚೌಕಟ್ಟಿನಲ್ಲಿ ತೆಗೆದರೆ, ಈ ದಶಕದ ಹೊಸಕೋಟೆ ಸೀಮೆಯ ಚರಿತ್ರೆಗೆ ಅದಕ್ಕಿಂತ ಒಳ್ಳೆಯ ಮುಖಪತ್ರ ಸಿಕ್ಕಲಾರದು.

ಸಂಕ್ರಾಂತಿ ಉತ್ತರಾಷಾಢದಲ್ಲಿ ಬರುತ್ತದೆ. ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುವ ಪದ್ಧತಿ ಈ ಕಡೆ ಇನ್ನೂ ಅಳಿದಿಲ್ಲ. ಕತ್ತಲು, ಬೆಂಕಿ, ಓಡುವ ದನ ಇವು ಮೂರೂ ಕೂಡಿದಾಗ ಎಕ್ಸ್‌ಪೋಷರ್ ಎಂಬುದು ನಿಜವಾದ ಪರೀಕ್ಷೆ. ಫ್ಲ್ಯಾಷ್ ಹಾಕಿದರೆ ಬೆಂಕಿ ಸತ್ತುಹೋಗುತ್ತದೆ, ದನ ಬೆದರುತ್ತದೆ, ಹಗ್ಗ ಹಿಡಿದವನಿಗೆ ಅಪಾಯ. ಬೆಂಕಿಯ ಬೆಳಕಿಗೇ ಕ್ಯಾಮೆರಾವನ್ನು ಹೊಂದಿಸಿ, ಉಳಿದುದು ಕಪ್ಪಾದರೆ ಆಗಲಿ ಎಂದು ಬಿಡುವುದು ಕ್ಷೇಮ. ಅವರೆಕಾಯಿಯ ಸೊಗಡು ಊರಿನ ಗಾಳಿಯಲ್ಲೆಲ್ಲ ಹರಡಿರುವ ದಿನಗಳಿವು. ಸೊಗಡಿನ ಚಿತ್ರ ತೆಗೆಯುವ ಯಂತ್ರ ಇನ್ನೂ ಬಂದಿಲ್ಲವಾದ್ದರಿಂದ ಒಂದು ಸೇರು ಕಾಯಿ ಕೊಂಡು ಮನೆಗೆ ಒಯ್ಯುವುದೇ ಮಾರ್ಗ. ಹೊಸಕೋಟೆಯ ಕೆರೆಯಲ್ಲಿ ನೀರು ನಿಂತ ವರ್ಷ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ನೋಡುವ ಕಾಲವೂ ಇದೇ. ಹಕ್ಕಿಯ ಹಿಂದೆ ಬಿದ್ದವರಿಗೆ ಊರು ಕಾಣುವುದಿಲ್ಲವೆಂಬ ಕಾರಣದಿಂದ ಈ ಯೋಜನೆಯಲ್ಲಿ ಅದಕ್ಕೆ ಒಂದು ಬೆಳಗಿಗಿಂತ ಹೆಚ್ಚು ಸ್ಥಳವಿಲ್ಲ.

ಶ್ರವಣದಿಂದ ರೇವತಿಯವರೆಗಿನ ಒಣ ನಕ್ಷತ್ರಗಳಲ್ಲಿ ಹೊಲಕ್ಕೆ ಕೆಲಸ ಕಡಿಮೆ, ಕ್ಯಾಮೆರಾಕ್ಕೆ ಕಡಿಮೆಯಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳ ನಾಡು ಇದು. 1980ರ ದಶಕದ ಸಾಮಾಜಿಕ ಅರಣ್ಯದ ಉತ್ಸಾಹದಲ್ಲಿ ಹಬ್ಬಿದ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ಸರಕಾರ 2017ರಲ್ಲಿ ಆಜ್ಞೆ ಮಾಡಿತು. ಹಳೆಯ ತೋಪುಗಳ ಬೂದುಬಣ್ಣದ ಸಾಲು ಇನ್ನೂ ಅಲ್ಲಲ್ಲಿ ಇದೆ. ಇಂಥ ಒಣ ದಿನಗಳಲ್ಲಿ ನೋಡತಕ್ಕವು ಕಲ್ಲುಗಳು. ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದಾಗ ಹೊಸಕೋಟೆ ತಾಲ್ಲೂಕಿನ ಕಲ್ಲುಗಳೂ ಅದರಲ್ಲಿ ಸೇರಿದವು. ಅವರು ಕಂಡ ಕಲ್ಲುಗಳೆಲ್ಲ ಇಂದು ಇದ್ದ ಜಾಗದಲ್ಲಿಲ್ಲ. ಕೆಲವು ಚರಂಡಿಯ ಹಾಸು, ಕೆಲವು ಬಟ್ಟೆ ಒಗೆಯುವ ಬಂಡೆ, ಕೆಲವು ಅಡಿಪಾಯ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಈ ಸೀಮೆಯ ಶಾಸನಗಳನ್ನು ಹುಡುಕಿ, ಮೂರು ಆಯಾಮಗಳಲ್ಲಿ ಅಚ್ಚಳಿಯದಂತೆ ದಾಖಲಿಸುವ ಕೆಲಸ ಕೈಗೊಂಡಿದೆ. ಹವ್ಯಾಸಿಯ ಕೈಲಾಗುವುದೂ ಸಣ್ಣದಲ್ಲ. ಬೇಲಿಯಂಚಿನ ವೀರಗಲ್ಲನ್ನೋ ಮಾಸ್ತಿಕಲ್ಲನ್ನೋ ನೆತ್ತಿಯ ಬಿಸಿಲಿನಲ್ಲಿ ತೆಗೆದರೆ ಬರಿಯ ಬಂಡೆಯಾಗಿ ಬರುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ತೆಗೆದರೆ ಸವೆದ ಕತ್ತಿ, ಬಿಲ್ಲು, ಎತ್ತಿದ ತೋಳು ನೆರಳಿನಿಂದ ಎದ್ದು ಬರುತ್ತವೆ. ಪಕ್ಕದಲ್ಲಿ ಒಂದು ಅಡಿಕೋಲು, ಹಿಂಬದಿಯಲ್ಲಿ ಗುರುತಿಗೆ ಒಂದು ಮರವೋ ಮನೆಯೋ. ಕಲ್ಲಿಗೆ ಸುಣ್ಣವನ್ನೋ ಹಿಟ್ಟನ್ನೋ ಬಳಿದು ಅಕ್ಷರ ಎದ್ದುಕಾಣುವಂತೆ ಮಾಡುವ ಚಾಳಿಯನ್ನು ಮಾತ್ರ ಬಿಡಬೇಕು.

ಇನ್ನು ಜನ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಈ ಊರುಗಳಿಗೆ ಹೋದ ಅಪರಿಚಿತನಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: “ಯಾವೂರು ಸ್ವಾಮಿ? ಸೈಟ್ ನೋಡಕ್ ಬಂದ್ರಾ?” ಅದರಲ್ಲಿ ಕುತೂಹಲವಿದೆ, ಅದಕ್ಕಿಂತ ಹೆಚ್ಚಾಗಿ ಎಚ್ಚರವಿದೆ. ಹೊಲದ ಚಿತ್ರ ತೆಗೆಯುವವನು ದಲ್ಲಾಳಿಯೋ, ಅಳತೆಯವನೋ, ಅಕ್ಕಪಕ್ಕದವರ ಮೊಕದ್ದಮೆಯ ಪರವಾಗಿ ಬಂದವನೋ ಹೇಗೆ ತಿಳಿಯಬೇಕು? ಅಂಗುಲ ಅಂಗುಲಕ್ಕೂ ಬೆಲೆ ಏರಿರುವ ನೆಲದ ಮೇಲೆ ಕ್ಯಾಮೆರಾ ನಿರಪರಾಧಿ ವಸ್ತುವಲ್ಲ. ಆದ್ದರಿಂದ ಮೊದಲ ಎರಡು ಭೇಟಿಗಳಲ್ಲಿ ಅದನ್ನು ಚೀಲದಲ್ಲೇ ಇಟ್ಟು, ಅರಳಿಕಟ್ಟೆಯ ಬಳಿ ಕೂತು, ಟೀ ಅಂಗಡಿಯವನೊಡನೆ ನಾಲ್ಕು ಮಾತಾಡಿ, ಸಂಜೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆ ತಾನು ಯಾರೆಂದು ಹೇಳಿ ಬರುವುದು ಯೋಜನೆಯ ಒಂದು ಭಾಗವೇ ಆಗಬೇಕು. ಇಪ್ಪತ್ತೇಳರಲ್ಲಿ ಎರಡು ಕಳೆದರೆ ನಷ್ಟವಿಲ್ಲ.

ಎರಡನೆಯ ಪ್ರಶ್ನೆ ಅಜ್ಜಿಯರದು: “ನಮ್ ಪಟ ತಗೊಂಡ್ ಏನ್ ಮಾಡ್ತೀಯಪ್ಪಾ?” ಇದಕ್ಕೆ ಹೇಳತಕ್ಕ ಉತ್ತರ ಒಂದೇ ಇದೆ, ಅದನ್ನು ನಡೆಸಿಕೊಡುವವರು ಕಡಿಮೆ: “ನಿಮಗೊಂದು ತಂದ್ಕೊಡ್ತೀನಜ್ಜಿ.” ನಗರದ ಹವ್ಯಾಸಿಗಳು ಹಳ್ಳಿಯ ಮುಖಗಳನ್ನು ತೆಗೆದು, ಸುಕ್ಕುಗಳನ್ನು ಕಪ್ಪುಬಿಳುಪಿನಲ್ಲಿ ಆಳಗೊಳಿಸಿ, ಪ್ರದರ್ಶನಗಳಲ್ಲಿ ಪದಕ ಪಡೆದ ಉದಾಹರಣೆಗಳು ಬಹಳ. ಆ ಮುಖದವರ ಮನೆಗೆ ಆ ಚಿತ್ರ ತಲುಪಿದ ಉದಾಹರಣೆಗಳು ಅಷ್ಟಿಲ್ಲ. ಈಗ ಪ್ರತಿ ಮನೆಯಲ್ಲೂ ದೂರವಾಣಿಯಿದೆ, ಚಿತ್ರಕ್ಕೇನು ಬಡತನ ಎಂದು ವಾದಿಸಬಹುದು. ಮೊಮ್ಮಗನ ದೂರವಾಣಿ ಕೆಟ್ಟಾಗ ಅದರೊಳಗಿನ ಅಜ್ಜಿಯೂ ಹೋಗುತ್ತಾಳೆ. ಆಕೆ ತೀರಿಕೊಂಡ ದಿನ ಗೋಡೆಗೆ ಹಾಕಲು ಚಿತ್ರ ಬೇಕಾಗುತ್ತದೆ. ಆಧಾರ್ ಚೀಟಿಯ ಬೆದರಿದ ಮುಖವನ್ನೇ ದೊಡ್ಡದು ಮಾಡಿಸಿ, ಅಂಗಡಿಯವನಿಂದ ನೀಲಿ ಹಿನ್ನೆಲೆ ಹಾಕಿಸಿ, ಹಾರ ತೂಗುಹಾಕಿದ ಮನೆಗಳು ಈ ತಾಲ್ಲೂಕಿನಲ್ಲಿ ಎಷ್ಟೋ ಇವೆ. ಜಗಲಿಯ ಬಿಸಿಲಿನಲ್ಲಿ ಅವರೆಕಾಯಿ ಬಿಡಿಸುತ್ತ ಯಾರ ಮಾತಿಗೋ ನಕ್ಕ ಅಜ್ಜಿಯ ಒಂದು ಕಾಗದದ ಪ್ರಿಂಟು, ಮುಂದಿನ ನಕ್ಷತ್ರದಲ್ಲಿ ಮರೆಯದೆ ತಂದುಕೊಟ್ಟರೆ, ಆ ಮನೆಗೆ ಅದರ ಬೆಲೆ ಪದಕದ ಲೆಕ್ಕದಲ್ಲಿ ಬರತಕ್ಕದ್ದಲ್ಲ. ಯೋಜನೆಯ ಪುಸ್ತಕದಲ್ಲಿ ‘ತೆಗೆದದ್ದು’ ಎಂಬ ಅಂಕಣದ ಪಕ್ಕದಲ್ಲಿ ‘ಕೊಟ್ಟದ್ದು’ ಎಂಬ ಅಂಕಣವನ್ನೂ ಎಳೆದುಕೊಳ್ಳಬೇಕು. ಬೇಡವೆಂದವರ ಚಿತ್ರವನ್ನು ದೂರದಿಂದ ಕದ್ದು ತೆಗೆಯಲು ಉದ್ದನೆಯ ಲೆನ್ಸು ಅನುಕೂಲವೆಂದು ಹೇಳುವವರ ಸಹವಾಸವನ್ನು ಬಿಡುವುದು ಲೇಸು.

ಬರೆದಿಡುವ ಕೆಲಸವೂ ಉಂಟು. ಚಿತ್ರದ ಹಿಂದೆ ನಕ್ಷತ್ರ, ತಾರೀಖು, ಹೊತ್ತು, ನಿಂತ ಜಾಗ, ಕ್ಯಾಮೆರಾ ಮುಖ ಮಾಡಿದ ದಿಕ್ಕು, ಕಂಡವರ ಒಪ್ಪಿಗೆಯಿದ್ದರೆ ಅವರ ಹೆಸರು. ಅಟ್ಜೆ ತನ್ನ ಫಲಕಗಳಿಗೆ ಸಂಖ್ಯೆ ಹಾಕಿ ಬೀದಿಯ ಹೆಸರು ಬರೆದಿಟ್ಟ. ಹಾಗೆ ಬರೆಯದೆ ಬಿಟ್ಟಿದ್ದರೆ ಅವು ಬರಿಯ ಹಳೆಯ ಗೋಡೆಗಳ ಚ��ತ್ರಗಳಾಗುತ್ತಿದ್ದವು. ಪ್ರತಿ ಭೇಟಿಯಲ್ಲೂ ಮೊದಲು ಒಂದೇ ಜಾಗದಿಂದ, ಒಂದೇ ಎತ್ತರದಿಂದ, ಒಂದೇ ದಿಕ್ಕಿಗೆ ಒಂದು ಚಿತ್ರ ತೆಗೆದು, ಆಮೇಲೆ ಊರು ಸುತ್ತುವುದು ಒಳ್ಳೆಯ ಕ್ರಮ. ಅದಕ್ಕಾಗಿ ಅಶ್ವಿನಿಯ ದಿನವೇ ಒಂದು ಹೊಲವನ್ನು ಆರಿಸಿಕೊಂಡು, ಯಾವ ಕಲ್ಲಿನ ಪಕ್ಕ ನಿಂತದ್ದೆಂದು ಗುರುತು ಮಾಡಿಕೊಂಡಿರಬೇಕು. ಉಳಿಸಿಕೊಳ್ಳುವ ಇಪ್ಪತ್ತೇಳರ ಲೆಕ್ಕಕ್ಕೆ ಇದು ಸೇರುವುದಿಲ್ಲ. ಇದು ಬೇರೆ ಕಟ್ಟು.

ಹೋಗುವ ದಾರಿ ಸುಲಭ. ಕಾಡುಗೋಡಿಯವರೆಗೆ ಮೆಟ್ರೋ ರೈಲು, ಅಲ್ಲಿಂದ ಮುಂದಕ್ಕೆ ಬಸ್ಸು ಅಥವಾ ಆಟೋ. ಬಿಸಿಲು ಏರುವ ಮುನ್ನ ಊರು ಸೇರಬೇಕಾದರೆ ಮನೆಯನ್ನು ಕತ್ತಲಿರುವಾಗಲೇ ಬಿಡಬೇಕು. ಜೂನಿನಲ್ಲಿ ಸೂರ್ಯೋದಯ ಆರಕ್ಕೆ ಕೆಲವು ನಿಮಿಷ ಮುಂಚೆ, ಜನವರಿಯ ಕೊನೆಯಲ್ಲಿ ಆರೂ ಮುಕ್ಕಾಲರ ಹತ್ತಿರ. ಕುಡಿಯುವ ನೀರು, ತಲೆಗೆ ಟೋಪಿ, ಕೊಡಬೇಕಾದ ಪ್ರಿಂಟುಗಳ ಲಕೋಟೆ, ಇಷ್ಟು ಸಾಕು. ರೇವತಿಯ ಕೊನೆಯ ಭೇಟಿಯಲ್ಲಿ, ಮಾರ್ಚಿಯ ಕೊನೆಗೋ ಏಪ್ರಿಲಿನ ಮೊದಲಿಗೋ, ಅಶ್ವಿನಿಯ ದಿನ ಗುರುತು ಮಾಡಿಟ್ಟ ಅದೇ ಕಲ್ಲಿನ ಪಕ್ಕ ನಿಂತು ಅದೇ ಹೊಲವನ್ನು ತೆಗೆಯತಕ್ಕದ್ದು. ಹೊಲವಿದ್ದರೆ ಹೊಲ, ನಡುವೆ ಗೋಡೆ ಎದ್ದಿದ್ದರೆ, ಬೇರೆ ಹೊಲ ಹುಡುಕದೆ, ಆ ಗೋಡೆ.